ಕಚ್ಚಿಟ್ಟ ರೊಟ್ಟಿ

ಎಣ್ಣೆ ಕಾಯಲಿಟ್ಟವಳು ಅತ್ತೆ, ಒಲೆ ಆರಿಸಿದವಳು ಸೊಸೆ. ಕುನ್‌ಸುಲು ಮತ್ತೆ ಕಡ್ಡಿ ಗೀರಿ ಗ್ಯಾಸ್ ಹಚ್ಚಿದಳು. ಜಿಬೆಕ್ ಮತ್ತೆ ಬಂದು ಆರಿಸಿದಳು. ಮೂರನೇ ಸಲ ಮುದುಕಿ ಬೆಂಕಿಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ, ತೆಳ್ಳಗೆ ಲಟ್ಟಿಸಿಟ್ಟಿದ್ದ ಏಳು ಹಾಳೆಗಳಿಗೆ ಒದ್ದೆ ಬಟ್ಟೆ ಹೊದಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಹಿಟ್ಟು ಒಣಗಿಹೋಗತ್ತೆ," ಅಂದಳು.

"ಒಣಗಲಿ."

"ಶುಕ್ರವಾರ ಕಣೇ ಇವತ್ತು."

"ಶುಕ್ರವಾರ ಅಂತ ನಂಗೂ ಗೊತ್ತಿದೆ, ಅಪಾ. ಏಳು ಶೆಲ್ಪೆಕ್ ಕರಿಯೋದು ಸತ್ತೋರ ಹೆಸರಲ್ಲಿ. ಈ ಮನೇಲಿ ಯಾರು ಸತ್ತಿದಾರೆ ಹೇಳಿ."

"ನಿನ್ನ ಮಾವ ಸತ್ತಿಲ್ವಾ?"

"ಮಾವನಿಗೇ ಆಗಿದ್ರೆ ನೀವೊಬ್ರೇ ಕರೀತಿದ್ರಿ, ಇಬ್ರೂ ಕೂತು ತಿಂತಿದ್ವಿ. ಮುಲ್ಲಾನ ಯಾಕೆ ಬರಹೇಳಿದ್ರಿ? ರೈಸಾಗೆ ಯಾಕೆ ಹೇಳಿದ್ರಿ? ರೈಸಾಗೆ ಹೇಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ."

ಕುನ್‌ಸುಲು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಏಪ್ರಿಲ್ ತಿಂಗಳಿಡೀ ಕ್ಯಾಸ್ಪಿಯನ್ ಕಡಲದಂಡೆಯ ಅಕ್ತಾವ್ ಊರು ಮಂಜಿನಲ್ಲಿ ನೆನೆಯುತ್ತಿತ್ತು. ಅವರದು ತಾರಸಿಯ ಮೇಲೆ ದೀಪಸ್ತಂಭ ಹೊತ್ತ ಹನ್ನೊಂದು ಅಂತಸ್ತಿನ ಕಟ್ಟಡ. ಐದನೇ ಅಂತಸ್ತಿನಿಂದ ಕೆಳಗೆ ನೋಡಿದರೆ ನೆಲವಿಲ್ಲ, ಎದುರು ನೋಡಿದರೆ ಕಡಲಿಲ್ಲ. ಮನೆಯೇ ಎಲ್ಲಿಗೋ ತೇಲಿಕೊಂಡು ಹೋಗುತ್ತಿರುವ ಹಾಗೆ ಅನಿಸುತ್ತಿತ್ತು. ಇಪ್ಪತ್ಮೂರು ದಿನದ ಹಿಂದೆ ಮನೆ ಬಿಟ್ಟುಹೋದ ಮಗನನ್ನು ಸತ್ತವರ ಪಟ್ಟಿಗೆ ಸೇರಿಸಲು ಹೆತ್ತವಳೇ ಇಷ್ಟು ಆತುರಪಡುತ್ತಾಳಲ್ಲ ಎಂದು ಜಿಬೆಕ್‌ಗೆ ಮೈಯೆಲ್ಲ ಉರಿಯಿತು. ಲಟ್ಟಿಸಿದ ಹಿಟ್ಟನ್ನೆಲ್ಲ ಮುದ್ದೆ ಮಾಡಿ ಫ್ರಿಜ್ಜಿನೊಳಗೆ ತುರುಕಿದಳು. ಆಮೇಲೆ ಬಂದ ಮುಲ್ಲಾ ಬರೀ ಟೀ ಕುಡಿದು ಹೋದರು.

ಜಿಬೆಕ್‌ಳ ಗಂಡ ಜಲ್ಗಾಸ್ ಹೋದದ್ದು 'ಶಾಗಲಾ' ಎಂಬ ಸರಕಿನ ಹಡಗಿನಲ್ಲಿ. ಅದರ ರೇಡಿಯೋ ನೋಡಿಕೊಳ್ಳುವ ಕೆಲಸ ಅವನದು. ಬಾರ್ಲಿ ತುಂಬಿಕೊಂಡು ದಕ್ಷಿಣಕ್ಕೆ, ಇರಾನಿನ ದಂಡೆಗೆ ಹೋಗಬೇಕಿತ್ತು. ಮೂರು ದಿನದ ದಾರಿ. ಎರಡನೇ ದಿನ ಮಧ್ಯಾಹ್ನ ಹಡಗಿನ ಸುದ್ದಿಯೇ ನಿಂತುಹೋಯಿತು. ಗಾಳಿ ಎದ್ದಿರಲಿಲ್ಲ, ಅಲೆ ಇರಲಿಲ್ಲ, ಕಾಪಾಡಿ ಎಂಬ ಕರೆ ಯಾರಿಗೂ ಕೇಳಿರಲಿಲ್ಲ. ಹೆಲಿಕಾಪ್ಟರು ಹೋಗಿ ನೋಡಿ ಬಂತು. ಒಂದು ಹಲಗೆಯಿಲ್ಲ, ಎಣ್ಣೆಯ ಕಲೆಯಿಲ್ಲ, ನೀರಿನ ಮೇಲೆ ಒಂದು ಕಾಳು ಬಾರ್ಲಿ ಇಲ್ಲ. ಕ್ಯಾಸ್ಪಿಯನ್‌ಗೆ ಉತ್ತರದ ಒಂದು ಕಾಲುವೆ ಬಿಟ್ಟರೆ ಹೊರಗೆ ಹೋಗಲು ಬಾಗಿಲಿಲ್ಲ, ಸುತ್ತ ನೆಲ. ಅಂಥ ನೀರಿನಲ್ಲಿ ಹಡಗು ಕಾಣೆಯಾಗುವುದೆಂದರೆ ಅಂಗಳದಲ್ಲಿ ಕಟ್ಟಿದ ಒಂಟೆ ಕಾಣೆಯಾದ ಹಾಗೆ. ಯಾರೋ ಬಿಚ್ಚಿಕೊಂಡು ಹೋಗಿರಬೇಕು, ಇಲ್ಲವೇ ಒಂಟೆಯೇ ಇರಲಿಲ್ಲ.

ಊರಿಗೆ ಇದಕ್ಕಿಂತ ರುಚಿಯಾದ ವಿಷಯ ಬೇಕೆ? ಪಕ್ಕದ ಮನೆಯ ರೈಸಾ ದಿನಕ್ಕೊಂದು ಸುದ್ದಿ ತರುತ್ತಿದ್ದಳು. ತುರ್ಕಮನ್ನರ ಕೊಲ್ಲಿಯೊಂದರಲ್ಲಿ ಹಡಗನ್ನು ನೋಡಿದರಂತೆ, ಮೈಗೆ ಹಸಿರು ಬಣ್ಣ ಬಳಿದಿದೆಯಂತೆ. ಬಾರ್ಲಿಯ ಕೆಳಗೆ ಬಂಗಾರದ ಬೆಲೆಯ ಮೀನಿನ ಮೊಟ್ಟೆಯ ಡಬ್ಬಗಳಿದ್ದವಂತೆ. ಮೀನಿನ ಮೊಟ್ಟೆಯಲ್ಲ, ಬಂದೂಕುಗಳಂತೆ. ಒಬ್ಬ ಲಾರಿ ಡ್ರೈವರು ಮಂಜಿನಲ್ಲಿ ಬರುವಾಗ, ಕಡಲಿನಿಂದ ನಲವತ್ತು ಕಿಲೋಮೀಟರು ಒಳಗೆ, ಮರಳುಗಾಡಿನಲ್ಲಿ ಹಡಗಿನ ಸೀಟಿ ಕೇಳಿದೆನೆಂದು ಆಣೆ ಮಾಡಿ ಹೇಳಿದನಂತೆ.

"ಕುಡಿದಿದ್ದ ಅನ್ನಿಸತ್ತೆ," ಎಂದಿದ್ದಳು ಜಿಬೆಕ್.

"ಕುಡಿದಿದ್ದ, ನಿಜ. ಹಾಗಂತ ಕಿವಿ ಕೇಳ್ಸಲ್ವಾ?" ಅಂದಿದ್ದಳು ರೈಸಾ.

ನಗಬೇಕೆಂದುಕೊಂಡರೂ ಜಿಬೆಕ್‌ಗೆ ಆ ಮಾತು ಒಳಗೆ ಇಳಿಯಿತು. ಅಂದಿನಿಂದ ಅವಳ ಕನಸಿನಲ್ಲಿ 'ಶಾಗಲಾ' ನೆಲದ ಮೇಲೆಯೇ ಬರತೊಡಗಿತು. ಸದ್ದಿಲ್ಲದೆ, ಮಂಜನ್ನು ಸೀಳದೆ, ಬಟ್ಟೆ ಒಣಹಾಕಿದ ಹಗ್ಗಗಳ ನಡುವೆ ಜಾಗ ಮಾಡಿಕೊಂಡು, ಐದನೇ ಅಂತಸ್ತಿನ ಅಡಿಗೆಮನೆಯ ಕಿಟಕಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಗಾಜಿನ ಹಿಂದೆ ಜಲ್ಗಾಸ್ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಏನೋ ಬರೆದುಕೊಳ್ಳುತ್ತಿರುತ್ತಿದ್ದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವಳು ಕಿಟಕಿ ತಟ್ಟುತ್ತಿದ್ದಳು. ಅವನು ಬರವಣಿಗೆ ಮುಗಿಸಿ ತಲೆಯೆತ್ತುತ್ತಾನೆ ಎಂದು ಕಾಯುತ್ತಿದ್ದಳು. ಅಷ್ಟರಲ್ಲಿ ಬೆಳಗಾಗುತ್ತಿತ್ತು. ಹಲ್ಲುಜ್ಜುವಾಗಲೂ, ಬಸ್ಸಿನಲ್ಲಿ ನಿಂತಾಗಲೂ, ಕನಸು ಎಲ್ಲಿ ಮುಗಿಯಿತು ಎಂಬುದು ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಅವಳಿಗೆ ಧೈರ್ಯ ಕೊಡುತ್ತಿದ್ದದ್ದು ಒಂದೇ ಒಂದು. ನಡುಮನೆಯ ಗೋಡೆಯ ಮೊಳೆಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ತೂಗುಹಾಕಿದ್ದ ರೊಟ್ಟಿ. ದೂರ ಹೋಗುವವನು ಹೊಸಿಲಲ್ಲಿ ನಿಂತು, ತಾಯಿ ಹಿಡಿದ ಬಿಸಿ ರೊಟ್ಟಿಯ ಅಂಚು ಒಂದು ತುತ್ತು ಕಚ್ಚಿ ಹೋಗಬೇಕು. ಉಳಿದದ್ದು ಅವನ ಪಾಲು, ಗೋಡೆಯ ಮೇಲಿರುತ್ತದೆ. ಆ ಅನ್ನದ ಋಣ ಅವನನ್ನು ಎಳೆದು ತರುತ್ತದೆ. ಬಂದವನೇ ಬಿಚ್ಚಬೇಕು, ಟೀಯಲ್ಲಿ ಅದ್ದಿ ತಿನ್ನಬೇಕು. ಆರು ವರ್ಷದ ಸಂಸಾರದಲ್ಲಿ ಜಲ್ಗಾಸ್ ಎಷ್ಟೋ ಸಲ ಹೋಗಿದ್ದ, ಅಷ್ಟೂ ಸಲ ಬಂದು, ಕಲ್ಲಾದ ರೊಟ್ಟಿಯನ್ನು ಕಡಿಯುತ್ತ, "ನಿನ್ನ ಅಡಿಗೆಗೆ ಹೆದರಿ ನಾನು ಹಡಗು ಸೇರಿದ್ದು, ಅದೇ ಅಡಿಗೆ ಎಳ್ಕೊಂಡು ಬರತ್ತೆ ನೋಡು," ಎಂದು ತಾಯಿಯನ್ನು ರೇಗಿಸಿದ್ದ. ಈ ಸಲ ಅವನು ಹೊರಟಾಗ ಜಿಬೆಕ್ ಕೆಲಸಕ್ಕೆ ಹೋಗಿದ್ದಳು. ಸಂಜೆ ಬಂದಾಗ ರೊಟ್ಟಿ ಗೋಡೆಯ ಮೇಲಿತ್ತು.

ಅವಳ ಕೆಲಸ ಹಲ್ಲಿನ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ. ಬಾಯಿಯ ಅಚ್ಚು ನೋಡಿ ಹಲ್ಲಿನ ಸೆಟ್ಟು ಮಾಡುವವಳು ಅವಳು. ಮುಖ ಮರೆತರೂ ಹಲ್ಲು ಮರೆಯುವುದಿಲ್ಲ. ಅತ್ತೆಯ ಬಾಯಲ್ಲಿದ್ದ ಮೇಲುಸಾಲು ಕೂಡ, ಮದುವೆಯಾದ ಹೊಸತರಲ್ಲಿ ಅವಳು ಮಾಡಿಕೊಟ್ಟದ್ದು. "ಅಮ್ಮ ನನ್ನ ಬೈತಿರೋದು ನಿನ್ನ ಹಲ್ಲಿಂದ, ನೆನಪಿಟ್ಕೋ," ಎನ್ನುತ್ತಿದ್ದ ಜಲ್ಗಾಸ್.

ಮಂಗಳವಾರ ಬೆಳಿಗ್ಗೆ ತನಿಖೆಯವನು ಬಂದ. ಬೆರ್ದಿಬೆಕ್ ಎಂದು ಹೆಸರು, ನಲವತ್ತರ ಆಸುಪಾಸು. ಬಾಗಿಲಲ್ಲೇ ಬೂಟು ಕಳಚಿ, ತೂತುಬಿದ್ದ ಕಾಲುಚೀಲವನ್ನು ಮರೆಮಾಡಿಕೊಳ್ಳುತ್ತ ಬಂದು ಕೂತ. ಕುನ್‌ಸುಲು ಹಾಲು ಹಾಕಿದ ಟೀ ಕೊಟ್ಟಳು. ಅವನು ಮೂರು ಬಟ್ಟಲು ಕುಡಿಯುವ ತನಕ ಹವಾಮಾನದ ಮಾತಾಡಿದ. ಆಮೇಲೆ ಕಾಗದ ತೆಗೆದ.

"ಅಪಾ, ತಂಗಿ, ಸುತ್ತಿಬಳಸಿ ಮಾತಾಡಲ್ಲ," ಎಂದ. "ಆ ಹಡಗು ಮುಳುಗಿಲ್ಲ. ಕದ್ದ ಮಾಲು ತುಂಬ್ಕೊಂಡು ಎಲ್ಲೋ ಹೋಗಿದೆ. ಒಟ್ಟು ಆರು ಜನ. ಕ್ಯಾಪ್ಟನ್ ಮನೆಗೆ ಹೋದ್ವಿ, ಬೀಗ. ಹೆಂಡ್ತಿ ಮಕ್ಕಳು ಹಡಗು ಹೊರಡೋ ಹಿಂದಿನ ವಾರಾನೇ ಊರು ಬಿಟ್ಟಿದಾರೆ. ಇನ್ನೂ ಇಬ್ಬರದು ಅದೇ ಕಥೆ. ಮತ್ತಿಬ್ಬರು ಒಂಟಿ ಜನ, ಅವರಿಗೆ ಹಿಂದಿಲ್ಲ ಮುಂದಿಲ್ಲ. ಮನೆ ತುಂಬಿರೋದು ನಿಮ್ಮದೊಂದೇ."

"ಅಂದ್ರೆ?" ಎಂದಳು ಜಿಬೆಕ್.

"ಅಂದ್ರೆ ಎರಡರಲ್ಲಿ ಒಂದು. ಒಂದೋ ನಿಮ್ಮ ಯಜಮಾನರಿಗೆ ಇದೇನೂ ಗೊತ್ತಿರಲಿಲ್ಲ, ಗೊತ್ತಾದ್ಮೇಲೆ ಅಡ್ಡ ಬಂದ್ರು, ಅವರನ್ನ..." ಅವನು ಮುದುಕಿಯ ಮುಖ ನೋಡಿ ಮಾತು ನುಂಗಿದ. "ಇಲ್ಲಾ, ಅವರೂ ಅದರಲ್ಲಿ ಇದಾರೆ. ರೇಡಿಯೋ ಆಫ್ ಮಾಡಿದ್ದು ಯಾರೋ ಕೆಲಸ ಗೊತ್ತಿರೋನು. ನಾನು ಕೇಳಬೇಕಾದ್ದು ಒಂದೇ. ಹೊರಡೋ ದಿನ ಅವರ ನಡೆನುಡೀಲಿ ಏನಾದ್ರೂ ಬೇರೆ ಇತ್ತಾ?"

ಜಿಬೆಕ್‌ಗೆ ಸಿಟ್ಟು ನೆತ್ತಿಗೇರಿತು. ಗಂಡ ಸತ್ತ ಎನ್ನುವುದನ್ನು ಒಪ್ಪುವುದಿಲ್ಲ, ಕಳ್ಳ ಎನ್ನುವುದನ್ನಂತೂ ಕೇಳಿಸಿಕೊಳ್ಳುವುದೇ ಇಲ್ಲ. ಎರಡನ್ನೂ ಬಿಟ್ಟು ಮೂರನೆಯದೊಂದು ಇರಲೇಬೇಕು ಎಂಬ ಹಟ ಅವಳದು.

"ಅಲ್ಲಿ ನೋಡಿ, ಗೋಡೆ ಮೇಲೆ," ಅಂದಳು. "ನನ್ನ ಗಂಡ ರೊಟ್ಟಿ ಕಚ್ಚಿ ಹೋಗಿದಾನೆ. ವಾಪಸ್ ಬರಲ್ಲ ಅಂತಿರೋನು ರೊಟ್ಟಿ ಕಚ್ತಾನಾ? ಮನುಷ್ಯರಿಗೆ ಸುಳ್ಳು ಹೇಳಬಹುದು, ರೊಟ್ಟಿಗೆ ಯಾರಾದ್ರೂ ಹೇಳ್ತಾರಾ?"

ಇಂಥ ಮಾತನ್ನು ಬೇರೆ ಊರಿನ ಅಧಿಕಾರಿಯಾದರೆ ನಕ್ಕು ಬಿಟ್ಟುಬಿಡುತ್ತಿದ್ದನೇನೋ. ಬೆರ್ದಿಬೆಕ್ ಪೆನ್ನಿನ ಮುಚ್ಚಳ ಹಾಕಿದ. ತುಸು ಹೊತ್ತು ಆ ಬಿಳಿ ಗಂಟನ್ನೇ ನೋಡಿದ.

"ನಾನು ಸೈನ್ಯಕ್ಕೆ ಹೋಗುವಾಗ ನಮ್ಮಮ್ಮನೂ ಕಚ್ಚಿಸಿದ್ಲು," ಎಂದ. "ಎರಡು ವರ್ಷ ಇಟ್ಟಿದ್ಲು. ಇಲಿ ತಿಂದ್ಬಿಟ್ಟಿತ್ತು ಅರ್ಧ, ಆದ್ರೂ ಬಂದೆ." ಆಮೇಲೆ ಸಂಕೋಚದಿಂದ ಕೇಳಿದ, "ಒಂದ್ಸಲ ತೋರಿಸ್ತೀರಾ? ಮೇಲಿನವರಿಗೆ ಅಲ್ಲ, ನನಗೆ."

"ಅದನ್ನ ಬಿಚ್ಚಬಾರದು," ಎಂದಳು ಕುನ್‌ಸುಲು. "ಬಂದೋನೇ ಬಿಚ್ಚಬೇಕು."

"ನೀವೇ ಅವನು ಬರಲ್ಲ ಅಂತ ಎಣ್ಣೆ ಕಾಯಿಸ್ತಿದ್ರಲ್ಲ, ಅಪಾ," ಎಂದಳು ಜಿಬೆಕ್, ಬೇಕೆಂದೇ ಚುಚ್ಚಿ. ಕುರ್ಚಿ ಎಳೆದು, ಹತ್ತಿ, ಮೊಳೆಯಿಂದ ಗಂಟು ಇಳಿಸಿದಳು. ಮೇಜಿನ ಮೇಲಿಟ್ಟು ಬಿಚ್ಚಿದಳು.

ರೊಟ್ಟಿ ಒಣಗಿ ಗಟ್ಟಿಯಾಗಿತ್ತು. ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಒಂದು ತುತ್ತು ಇರಲಿಲ್ಲ. ಹಲ್ಲಿನ ಗುರುತು ಒಂದೊಂದೂ ಬಿಸಿಯಿದ್ದಾಗ ಬಿದ್ದ ಹಾಗೇ ನಿಂತಿತ್ತು. ಜಿಬೆಕ್‌ಗೆ ಮೊದಲು ಗೆದ್ದೆನೆಂಬ ಸಂತೋಷವಾಯಿತು. ಆಮೇಲೆ ಅಭ್ಯಾಸಬಲದಿಂದ ಅವಳು ಬಗ್ಗಿ ಹಲ್ಲುಗಳನ್ನು ನೋಡಿದಳು.

ಜಲ್ಗಾಸನ ಮುಂದಿನ ಎರಡು ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿತ್ತು. ಅವನು ಕಚ್ಚಿದ್ದೆಲ್ಲದರ ನಡುವೆ ಒಂದು ಸಣ್ಣ ಏಣು ಉಳಿಯುತ್ತಿತ್ತು, ಸೇಬಾಗಲಿ, ರೊಟ್ಟಿಯಾಗಲಿ, ಒಮ್ಮೊಮ್ಮೆ ಅವಳ ಭುಜವಾಗಲಿ. ಇಲ್ಲಿ ಏಣು ಇರಲಿಲ್ಲ. ಸಾಲು ನೆಟ್ಟಗೆ, ಅಂಗಡಿಯಿಂದ ತಂದಷ್ಟು ನೆಟ್ಟಗೆ ಇತ್ತು. ಎಡಗಡೆಯ ಕೋರೆಹಲ್ಲು ಮಾತ್ರ ಕೂದಲೆಳೆಯಷ್ಟು ಒಳಕ್ಕೆ ಸರಿದಿತ್ತು. ಮೇಣ ಆರುವ ಮೊದಲೇ ಬೆರಳು ತಗುಲಿ ಆದ ತಪ್ಪು ಅದು. ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಆರು ವರ್ಷದ ಹಿಂದೆ ಅವಳು ಹಾಗೇ ಬಿಟ್ಟಿದ್ದಳು.

ಕುನ್‌ಸುಲು ಟೀ ಬಟ್ಟಲಿನೊಳಗೆ ನೋಡುತ್ತಿದ್ದಳು. ಅವಳ ಬಾಯಿ ಬಿಗಿದು ಮುಚ್ಚಿತ್ತು.

"ತಂಗಿ, ನೀವು ಹಲ್ಲಿನ ಕೆಲಸದವರು ಅಂತ ಕೇಳಿದೀನಿ," ಎಂದ ಬೆರ್ದಿಬೆಕ್. "ನಿಮ್ಮ ಮಾತನ್ನೇ ಬರ್ಕೊಳ್ತೀನಿ. ಇದು ಅವರದೇನಾ?"

ಕಚ್ಚಲಿಲ್ಲ. ಹೊಸಿಲಲ್ಲಿ ನಿಂತಿದ್ದ, ತಾಯಿ ರೊಟ್ಟಿ ಹಿಡಿದಿದ್ದಳು, ಅವನು ಕಚ್ಚಲಿಲ್ಲ. ಅಂದರೆ ಅವನು ಸತ್ತಿಲ್ಲ. ಇಪ್ಪತ್ತೇಳು ದಿನದಿಂದ ಅವಳು ದೇವರಲ್ಲಿ ಬೇಡಿದ್ದು ಅದನ್ನೇ, ಅದು ಈಗ ಮೇಜಿನ ಮೇಲೆ ಇತ್ತು. ಎಲ್ಲೋ ಬಿಸಿಲಿರುವ ಒಂದು ದಂಡೆಯಲ್ಲಿ ಅವನು ನಡೆದಾಡುತ್ತಿದ್ದಾನೆ. ಬೇರೆಯವರು ತಮ್ಮ ಹೆಂಡಿರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದ ಕಡೆಗೆ ಇವನು ಒಬ್ಬನೇ ಹೋಗಿದ್ದಾನೆ. ಅವಳಿಗೆ ಕುರ್ಚಿ, ಮೇಜು, ಎದುರಿನ ಮನುಷ್ಯ ಎಲ್ಲ ಮಂಜಿನ ಹಿಂದೆ ಇದ್ದ ಹಾಗೆ ಕಂಡವು.

"ಅವನದೇ," ಅಂದಳು.

ಯಾಕೆ ಹಾಗಂದಳೋ ಅವಳಿಗೆ ತಿಳಿಯಲಿಲ್ಲ. ಬಾಯಿಂದ ಹೊರಟಾಗಿತ್ತು. ಬೆರ್ದಿಬೆಕ್ ನಿಟ್ಟುಸಿರು ಬಿಟ್ಟು ಎರಡು ಸಾಲು ಬರೆದ. ಏಳುವಾಗ ಟೊಪ್ಪಿಯನ್ನು ಎದೆಗೆ ಹಿಡಿದು ಮುದುಕಿಗೆ ಹೇಳಿದ, "ಅಪಾ, ನಿಮ್ಮ ಮಗ ಅವರ ಜೊತೆ ಇರಲಿಲ್ಲ. ನಾನು ಹಾಗೇ ಬರೀತೀನಿ. ಆದ್ರೆ ಕಾಯಬೇಡಿ. ದೇವರು ಅವನಿಗೆ ಒಳ್ಳೇ ಜಾಗ ಕೊಡಲಿ." ಬಾಗಿಲು ಮುಚ್ಚಿದ ಮೇಲೂ ಲಿಫ್ಟಿಗಾಗಿ ಅವನು ಕಾಯುವ ಸದ್ದು ಕೇಳುತ್ತಿತ್ತು.

ಲಿಫ್ಟು ಇಳಿದ ಮೇಲೆ ಜಿಬೆಕ್ ಕೇಳಿದಳು. "ಯಾವಾಗ ಕಚ್ಚಿದ್ರಿ?"

"ಅವನು ಇನ್ನೂ ಮೆಟ್ಟಿಲಿಳೀತಿದ್ದ," ಎಂದಳು ಕುನ್‌ಸುಲು. "ಲಿಫ್ಟಿಗೆ ಕಾಯಲಿಲ್ಲ ಅವತ್ತು. ತುಟಿಗೆ ಮುಟ್ಟಿಸಿ, ಹಲ್ಲುನೋವು ಅಮ್ಮ ಅಂದ. ಹಿಂದಿನ ದಿನ ಕುರಿಯ ಮೂಳೆ ಕಡಿದೋನು. ಬರಲ್ಲ ಅಂತ ನಂಗೆ ಗೊತ್ತಾಗ್ಹೋಯ್ತು. ಬಿಸಿ ರೊಟ್ಟಿ ಕೈಯಲ್ಲೇ ಇತ್ತು. ಹೆತ್ತೋಳು ಕಚ್ಚಿದ್ರೂ ಋಣ ಎಳೀಬಹುದು ಅಂತ... ಕಚ್ಚಿಬಿಟ್ಟೆ. ಯಾರಿಗೂ ಮೋಸ ಮಾಡೋಕೆ ಅಲ್ಲ ಕಣೇ."

"ಆಮೇಲೆ? ಇಷ್ಟು ದಿನ? ನಾನು ದಿನಾ ಕಡಲ ಬಂಡೆ ಮೇಲೆ ಹೋಗಿ ಕೂತು ಬರ್ತಿದ್ದೆ, ನೀವು ನೋಡ್ತಾ ಸುಮ್ಮನಿದ್ರಿ."

"ಏನಂತ ಹೇಳಲಿ? ಗಂಡ ಮುಳುಗಿದ ಹೆಂಗಸಿಗೆ ಎಲ್ಲರ ಮನೆಯಿಂದ ಮಾಂಸದ ಸಾರು ಬರತ್ತೆ. ಗಂಡ ಬಿಟ್ಟುಹೋದೋಳಿಗೆ ಬರೀ ಮಾತು ಬರತ್ತೆ. ನಿಂಗೆ ಇಪ್ಪತ್ತೊಂಬತ್ತು ವರ್ಷ. ವಿಧವೆಯಾದ್ರೆ ಯಾರಾದ್ರೂ ಒಳ್ಳೆಯವನು ಬಂದು ಕೇಳ್ತಾನೆ. ಅದಕ್ಕೇ ಎಣ್ಣೆ ಕಾಯಿಸ್ದೆ. ನನ್ನ ಹೊಟ್ಟೇಲಿ ಹುಟ್ಟಿದ್ದು ಮಾಡಿದ ಕೆಲಸಕ್ಕೆ ನೀನ್ಯಾಕೆ ಕೂತು ಕಾಯಬೇಕು?"

"ಎಲ್ಲಿಗೆ ಹೋದ?"

"ದೇವರಾಣೆ ಗೊತ್ತಿಲ್ಲ." ಮುದುಕಿ ಮೆಲ್ಲಗೆ ಕೇಳಿದಳು, "ಕರೆದಿದ್ರೆ ಹೋಗ್ತಿದ್ಯಾ?"

"ಕರೀಬೇಕಿತ್ತಲ್ಲ," ಎಂದಳು ಜಿಬೆಕ್. ಅಷ್ಟಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಸತ್ತನೆಂದು ಅಳದವಳು ಬದುಕಿದ್ದಾನೆಂದು ಅತ್ತಳು.

ಎರಡು ದಿನ ಅವಳಿಗೆ ಒಂದೇ ಯೋಚನೆ. ಬೆರ್ದಿಬೆಕ್‌ಗೆ ಒಂದು ಫೋನು ಮಾಡಿದರೆ ಸಾಕು. ಅವನನ್ನು ಹುಡುಕುತ್ತಾರೆ, ಹಿಡಿದು ತರುತ್ತಾರೆ, ಕಂಬಿಯ ಹಿಂದೆ ನಿಲ್ಲಿಸುತ್ತಾರೆ. ಎಲ್ಲಿದ್ದಾನೆಂದಾದರೂ ಆಗ ತಿಳಿಯುತ್ತದೆ. ತಿಂಗಳಿಗೊಮ್ಮೆ ಹೋಗಿ ಎದುರು ಕೂತು, ಒಂದೇ ಒಂದು ಪ್ರಶ್ನೆ ಕೇಳಬಹುದು. ಹಾಗೆ ಯೋಚಿಸುವಾಗ ಅವಳಿಗೆ ಬಹಳ ಸುಖವಾಗುತ್ತಿತ್ತು, ಅದಕ್ಕೇ ನಾಚಿಕೆಯೂ ಆಗುತ್ತಿತ್ತು. ಗುರುವಾರ ಊಟದ ಬಿಡುವಿನಲ್ಲಿ, ಯಾರದೋ ದವಡೆಯ ಅಚ್ಚನ್ನು ಪಕ್ಕಕ್ಕೆ ಸರಿಸಿ, ಅವಳು ನಿಜವಾಗಿಯೂ ಫೋನು ಮಾಡಿದಳು.

"ಹೇಳಿ ತಂಗಿ," ಎಂದ ಬೆರ್ದಿಬೆಕ್.

"ಅವರೆಲ್ಲ ಸಿಕ್ಕಿದ್ರೆ ಏನು ಮಾಡ್ತೀರಿ?"

"ಯಾರು, ಆ ಐದು ಜನಾನಾ? ಒಬ್ಬೊಬ್ಬರಿಗೆ ಹತ್ತು ವರ್ಷ. ರೇಡಿಯೋದವನು ಸೇರಿದ್ದಿದ್ರೆ ಅವನಿಗೆ ಹದಿನೈದು. ಎಲ್ಲಾ ಆಗಿದ್ದು ಆ ರೇಡಿಯೋ ಆಫ್ ಮಾಡಿದ್ರಿಂದ ತಾನೆ." ಅವನು ಏನನ್ನೋ ಅಗಿಯುತ್ತಿದ್ದ. "ನಿಮ್ಮವರು ಪುಣ್ಯವಂತರು ಬಿಡಿ. ಯಾಕೆ, ಏನಾದ್ರೂ ನೆನಪಾಯ್ತಾ?"

ಮೇಜಿನ ಮೇಲಿನ ಅಚ್ಚು ಬಾಯಿ ತೆರೆದುಕೊಂಡು ಕೂತಿತ್ತು. ಹದಿನೈದು ವರ್ಷ ಎಂದರೆ ಅತ್ತೆ ಅವನನ್ನು ಮತ್ತೆ ಮನೆಯಲ್ಲಿ ನೋಡುವುದಿಲ್ಲ. ಜಿಬೆಕ್‌ಗೇ ನಲವತ್ತನಾಲ್ಕು ಆಗುತ್ತದೆ. ಅವನ ಮುಂದಿನ ಹಲ್ಲುಗಳು ಜೈಲಿನಲ್ಲಿ ಉಳಿಯುತ್ತವೋ ಇಲ್ಲವೋ ಎಂದು ಅವಳಿಗೆ ಅನಿಸಿತು. ಆ ಸಂದಿನ ಮೇಲೆ ಅವಳಿಗೆ ಇನ್ನೂ ಪ್ರೀತಿಯಿತ್ತು.

"ಇಲ್ಲ," ಅಂದಳು. "ಸುಮ್ಮನೆ ಕೇಳಿದೆ."

ಶುಕ್ರವಾರ ಕುನ್‌ಸುಲು ಹಿಟ್ಟು ಕಲಸಿ ಇಟ್ಟಳಾದರೂ ಒಲೆಯ ಹತ್ತಿರ ಹೋಗಲಿಲ್ಲ. ಸೊಸೆಯ ಮುಖ ನೋಡಿಕೊಂಡು ಸ್ಟೂಲಿನ ಮೇಲೆ ಕೂತಳು. ಜಿಬೆಕ್ ಎದ್ದು ಕಡ್ಡಿ ಗೀರಿದಳು. ಏಳನ್ನೂ ತಾನೇ ಕರಿದಳು, ಒಂದೂ ಕರಿಕಾಗಲಿಲ್ಲ. ಎಣ್ಣೆಯ ವಾಸನೆ ಬಾಗಿಲು ದಾಟಿದ್ದೇ ತಡ, ರೈಸಾ ಸಕ್ಕರೆ ಪೊಟ್ಟಣ ಹಿಡಿದು ಬಂದಳು, ಹಿಂದೆಯೇ ಮೇಲಿನ ಅಂತಸ್ತಿನ ಇಬ್ಬರು ಹೆಂಗಸರು ಬಂದರು. ರೈಸಾ ಯಾವ ಸುದ್ದಿಯನ್ನೂ ತಂದಿರಲಿಲ್ಲ. ಬಂದವಳೇ ಜಿಬೆಕ್‌ಳನ್ನು ತಬ್ಬಿಕೊಂಡು, ಬಿಡದೆ ನಿಂತಳು.

ಮುಲ್ಲಾ ಬಂದು ನಡುಮನೆಯಲ್ಲಿ ಕೂತರು. ವಯಸ್ಸಾದವರು, ಕಿವಿ ತುಸು ಮಂದ. ಮೇಜಿನ ನಡುವೆ ಶೆಲ್ಪೆಕ್‌ಗಳು ಹಬೆಯಾಡುತ್ತಿದ್ದವು. ಅವರು ಕಣ್ಣುಮುಚ್ಚಿ ಬಹಳ ಹೊತ್ತು, ಸಣ್ಣ ದನಿಯಲ್ಲಿ ಓದಿದರು. ಆ ದನಿಯಲ್ಲಿ ಮನೆ ಮತ್ತೆ ತೇಲತೊಡಗಿತು. ಜಿಬೆಕ್‌ಗೆ ಎಚ್ಚರವಿದ್ದೂ ಕಿಟಕಿಯಾಚೆ ಏನೋ ದೊಡ್ಡದು ಮೆಲ್ಲಗೆ ಸರಿದು ಹೋದ ಹಾಗೆ ಅನಿಸಿತು. ಅವಳು ತಿರುಗಿ ನೋಡಲಿಲ್ಲ.

ಓದು ನಿಲ್ಲಿಸಿ ಮುಲ್ಲಾ ಕೇಳಿದರು. "ಓದಿದ ಪುಣ್ಯ ಯಾರ ಹೆಸರಿಗೆ ಮುಟ್ಟಿಸಲಿ?"

ಅದನ್ನು ಹೇಳಬೇಕಾದವಳು ಮನೆಯ ಹಿರಿಯಳು. ಕುನ್‌ಸುಲು ಗಂಡನ ಹೆಸರು ಹೇಳಿದಳು, ತನ್ನ ಮಾವನ ಹೆಸರು ಹೇಳಿದಳು, ಹಸುಗೂಸಾಗಿ ಹೋದ ಮಗಳ ಹೆಸರು ಹೇಳಿದಳು. ಆಮೇಲೆ ಬಾಯಿ ತೆರೆದಳು. ಹೋದ ಶುಕ್ರವಾರ ಹಟ ಹಿಡಿದು ಎಣ್ಣೆ ಕಾಯಲಿಟ್ಟವಳಿಗೆ, ಬದುಕಿರುವ ಮಗನ ಹೆಸರನ್ನು ಅಷ್ಟು ಜನ ಸತ್ತವರ ಪಕ್ಕದಲ್ಲಿ ಇಡಲು ಆಗಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಮುಲ್ಲಾ ಕಾದರು.

"ಸಗಿಂದಿಕ್‌ನ ಮಗ ಜಲ್ಗಾಸ್," ಎಂದಳು ಜಿಬೆಕ್.

ಮುಲ್ಲಾ ಕಿವಿಗೆ ಕೈ ಇಟ್ಟರು. "ಯಾರಮ್ಮಾ?"

"ಸಗಿಂದಿಕ್‌ನ ಮಗ ಜಲ್ಗಾಸ್," ಎಂದು ಅವಳು ಇನ್ನೂ ಗಟ್ಟಿಯಾಗಿ ಹೇಳಿದಳು. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ.

ಮುಲ್ಲಾ ಆಮೀನ್ ಎಂದರು. ಎಲ್ಲರೂ ತೆರೆದ ಅಂಗೈಗಳನ್ನು ಮುಖಕ್ಕೆ ಸವರಿಕೊಂಡರು. ಕುನ್‌ಸುಲುವಿನ ಕೈಗಳು ಮಾತ್ರ ಮಡಿಲಲ್ಲಿ ಹಾಗೇ ತೆರೆದಿದ್ದವು. ಜಿಬೆಕ್ ಪಕ್ಕಕ್ಕೆ ಸರಿದು, ಆ ಎರಡು ಕೈಗಳನ್ನೂ ಹಿಡಿದೆತ್ತಿ, ಅತ್ತೆಯ ಹಣೆಯಿಂದ ಗಲ್ಲದ ತನಕ ಮೆಲ್ಲಗೆ ಸವರಿದಳು.